ದೀರ್ಘವ್ಯಾಧಿಯುಳ್ಳವರೂ ಅವರ ದುಡಿಮೆಯೂ

(ಗಾಜನೂರು ಸೀಮೆಯ ಊರುಗಳಿಗಾಗಿ ಒಂದು ಪಾಠ)



ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿ ಹಿಡಿದು ಸುಮಾರು ೧೨ ಕಿಲೋಮೀಟರು ಹೋದರೆ ಗಾಜನೂರು ಸಿಕ್ಕುವದು. ಇಲ್ಲಿ ತುಂಗಾ ನದಿಗೆ ಅಣೆಕಟ್ಟು ಕಟ್ಟಿದೆ. ಮಲೆನಾಡಿನಲ್ಲಿ ಮಳೆ ಹಿಡಿದ ಕೆಲವೇ ದಿವಸಗಳಲ್ಲಿ ಕಟ್ಟೆ ತುಂಬಿ ಅದರ ಬಾಗಿಲುಗಳನ್ನು ಎತ್ತುವರು. ಕಾಲುವೆಗಳಲ್ಲಿ ಹರಿದ ನೀರು ಗದ್ದೆಗಳನ್ನೂ ತೋಟಗಳನ್ನೂ ತಣಿಸುವದು. ಈ ಸೀಮೆಯವರಲ್ಲಿ ಬಹು ಜನರು ದಿನದ ದುಡಿಮೆಯಿಂದ ಉಣ್ಣುವವರು. ನಾಟಿಯ ಕಾಲ, ಕೊಯ್ಲಿನ ಕಾಲ, ಅಡಿಕೆ ಸುಲಿಯುವ ಕಾಲ, ಈ ಮೂರರಲ್ಲಿ ಕೈಕಾಲು ಚೆನ್ನಾಗಿ ನಡೆದರೆ ಮನೆಯವರಿಗೆ ವರುಷದ ಅನ್ನವುಂಟು. ಅಂಥ ಮನೆಯಲ್ಲಿ ದುಡಿಯುವ ಒಬ್ಬನಿಗೆ ಬಿಡದ ಕಾಯಿಲೆ ಹಿಡಿದರೆ ಏನಾಗುವದು? ಅವನು ಮತ್ತೆ ದುಡಿಯಬಲ್ಲನೋ? ಅವನಿಗೆ ನೆರೆಹೊರೆಯವರಾದ ನಾವು ಯಾವ ರೀತಿಯಲ್ಲಿ ಸಹಾಯ ಮಾಡತಕ್ಕದ್ದು? ಈ ತಿಂಗಳ ಪಾಠದಲ್ಲಿ ಇದನ್ನು ವಿಚಾರಿಸೋಣ.

೧. ಎರಡು ವಿಧದ ರೋಗಗಳು

ರೋಗಗಳಲ್ಲಿ ಎರಡು ವಿಧಗಳುಂಟು. ಕೆಲವು ಬಿರುಗಾಳಿಯಂತೆ ಬಂದು ಹೋಗುವಂಥವು. ನಮ್ಮ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಇಂಥಾದ್ದು. ಇದರಲ್ಲಿ ಕೆಲವರು ತೀರಿಹೋಗುವರು, ಉಳಿದವರು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಚೇತರಿಸಿಕೊಂಡು ಕೆಲಸಕ್ಕೆ ಹೋಗುವರು. ಇಂಥ ರೋಗ ಬಂದಾಗ ಊರವರೆಲ್ಲರೂ ಕೂಡಿ ಗಂಜಿ ಕಳುಹಿಸುವರು, ಗಾಡಿ ಮಾಡಿ ಆಸ್ಪತ್ರೆಗೆ ಒಯ್ಯುವರು, ರಾತ್ರಿ ಕೂತು ಕಾಯುವರು. ಈ ವಿಷಯದಲ್ಲಿ ನಮ್ಮ ಊರುಗಳಿಗೆ ಹೊಸದಾಗಿ ಕಲಿಸಬೇಕಾದದ್ದು ಹೆಚ್ಚಿಲ್ಲ.

ಎರಡನೆಯ ವಿಧದ ರೋಗಗಳು ಮನೆಗೆ ಬಂದ ಮೇಲೆ ಹೊರಡುವದಿಲ್ಲ. ಮಧುಮೇಹ, ರಕ್ತದೊತ್ತಡ, ಉಬ್ಬಸ, ಹೃದ್ರೋಗ, ಮೂರ್ಛೆರೋಗ, ಸಂಧಿವಾತ, ಮೂತ್ರಪಿಂಡಗಳ ರೋಗ, ಮನೋರೋಗ, ಇವುಗಳಲ್ಲಿ ಮನುಷ್ಯನು ಸಾಮಾನ್ಯವಾಗಿ ಕೂಡಲೇ ಸಾಯುವದೂ ಇಲ್ಲ, ಪೂರ್ಣವಾಗಿ ಗುಣವಾಗುವದೂ ಇಲ್ಲ. ಇಂಥವರ ಸಂಖ್ಯೆ ಸ್ವಲ್ಪವೆಂದು ಯಾರೂ ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯು ೨೦೨೩ರಲ್ಲಿ ಪ್ರಕಟವಾದಾಗ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ೧೦ ಕೋಟಿಗೂ ಹೆಚ್ಚು ಜನರಿದ್ದಾರೆಂದು ತಿಳಿದುಬಂತು. ಕ್ಷಯವೂ ಕುಷ್ಠವೂ ಈಗ ಔಷಧದಿಂದ ವಾಸಿಯಾಗುವವು. ಆದರೂ ಅವು ಶರೀರದಲ್ಲಿ ಬಿಟ್ಟುಹೋಗುವ ನಿಶ್ಶಕ್ತಿಯೂ, ಜನರ ಮನಸ್ಸಿನಲ್ಲಿ ಬಿಟ್ಟುಹೋಗುವ ಹೇಸಿಕೆಯೂ ಬಹುಕಾಲ ಉಳಿಯುವದರಿಂದ ಅವುಗಳನ್ನೂ ಇಲ್ಲಿ ಸೇರಿಸುತ್ತೇವೆ.

ಎರಡನೆಯ ವಿಧದ ರೋಗಿಗಳ ವಿಷಯದಲ್ಲಿ ನಮ್ಮ ಪ್ರೀತಿಯು ಬೇಗನೆ ದಣಿಯುವದು. ಮೊದಲನೆಯ ತಿಂಗಳು ಗಂಜಿ ಕಳುಹಿಸಿದವರು ಆರನೆಯ ತಿಂಗಳಲ್ಲಿ “ಇವನಿಗೆ ಮೈಗಳ್ಳತನ” ಅನ್ನುವರು. ಒಂದು ದಿನ ಕೆಲಸಕ್ಕೆ ಬಂದು ಮರುದಿನ ಬಾರದವನನ್ನು ಯಜಮಾನನು ಮೂರನೆಯ ದಿನ ಕರೆಯುವದಿಲ್ಲ. ಹೀಗೆ ರೋಗವು ಕಸಿದುಕೊಳ್ಳದ ದುಡಿಮೆಯನ್ನು ಊರೇ ಕಸಿದುಕೊಳ್ಳುವದು.

೨. ದುಡಿಮೆ ಯಾತಕ್ಕೆ ಬೇಕು?

“ರೋಗಿಗೆ ಎರಡು ಹೊತ್ತು ಅನ್ನ ಹಾಕಿದರೆ ಸಾಲದೋ? ಅವನು ಯಾಕೆ ದುಡಿಯಬೇಕು?” ಎಂದು ಕೆಲವರು ಕರುಣೆಯಿಂದಲೇ ಕೇಳುವರು. ಇದಕ್ಕೆ ಮೂರು ಉತ್ತರಗಳುಂಟು.

ಮೊದಲನೆಯದು, ಬಹುಕಾಲದ ರೋಗಕ್ಕೆ ಬಹುಕಾಲದ ಖರ್ಚು. ಮಾತ್ರೆಗಳು ಧರ್ಮಾರ್ಥವಾಗಿ ಸಿಕ್ಕಿದರೂ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು, ಜೊತೆಗೆ ಹೋದವರ ಕೂಲಿಯ ನಷ್ಟ, ಒಳ್ಳೇ ಆಹಾರದ ಖರ್ಚು ನಿಲ್ಲುವದಿಲ್ಲ. ದುಡಿಮೆ ನಿಂತ ಮನೆಯಲ್ಲಿ ಮೊದಲು ನಿಲ್ಲುವದು ಔಷಧ, ಅದು ನಿಂತಲ್ಲಿ ರೋಗವು ಹೆಚ್ಚುವದು, ರೋಗ ಹೆಚ್ಚಿದಲ್ಲಿ ದುಡಿಮೆಯು ಇನ್ನೂ ದೂರವಾಗುವದು. ಎರಡನೆಯದು, ಮನುಷ್ಯನಿಗೆ ತನ್ನ ಕೈಯ ಕೆಲಸದಿಂದ ಬರುವ ಮಾನವು ಬೇರೆ ಯಾತರಿಂದಲೂ ಬಾರದು. ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತವನು ಮಕ್ಕಳಿಂದ ಸಹಾ ಮಾತು ಕೇಳಬೇಕಾಗುವದು. ಮೂರನೆಯದು, ಅಳತೆಯಲ್ಲಿ ಮಾಡಿದ ಕೆಲಸವು ಅನೇಕ ರೋಗಗಳಲ್ಲಿ ತಾನೇ ಔಷಧದಂತೆ ಸಹಾಯ ಮಾಡುವದು. ಇದನ್ನು ಮುಂದೆ ಉದಾಹರಣೆಗಳಿಂದ ತೋರಿಸುವೆವು.

೩. ಹಂದಿಗೋಡಿನಿಂದ ಕಲಿಯುವ ಸಂಗತಿ

ನಮ್ಮ ಜಿಲ್ಲೆಯ ಸಾಗರದ ಸಮೀಪದಲ್ಲಿ ಹಂದಿಗೋಡು ಎಂಬ ಗ್ರಾಮವಿದೆ. ೧೯೭೪-೭೫ರ ಸುಮಾರಿಗೆ ಅಲ್ಲಿಯ ಕೂಲಿಗಾರ ಕುಟುಂಬಗಳಲ್ಲಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಕೆಡುವ ಒಂದು ರೋಗವು ವೈದ್ಯರ ಗಮನಕ್ಕೆ ಬಂತು. ಅದಕ್ಕೆ ಆ ಊರಿನ ಹೆಸರೇ ನಿಂತಿತು. ಮೊದಲು ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂದು ಶಂಕಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಇತರರೂ ಶೋಧಿಸಿದ ಮೇಲೆ ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ಮೂಳೆ ಕೀಲುಗಳ ವ್ಯಾಧಿಯೆಂದು ಕಂಡುಬಂತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಗ್ರಾಮಗಳಲ್ಲಿಯೂ ಇದು ಕಾಣಿಸಿಕೊಂಡಿದೆ. ಇದನ್ನು ಬೇರುಸಹಿತ ತೆಗೆಯುವ ಮದ್ದು ಇಲ್ಲ. ನೋವನ್ನು ತಗ್ಗಿಸಬಹುದು, ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಬಹುದು.

ಇಲ್ಲಿ ವಿಚಾರಿಸಬೇಕಾದದ್ದು ಏನಂದರೆ: ಈ ರೋಗವು ಯಾರ ಮೇಲೆ ಬಿತ್ತು? ಹೊಲಗದ್ದೆಗಳಿಲ್ಲದೆ, ಬೆನ್ನು ಬಗ್ಗಿಸಿ ನಾಟಿ ಮಾಡಿ, ಕುಕ್ಕರಗಾಲಿನಲ್ಲಿ ಕೂತು ಕಳೆ ಕಿತ್ತು, ಹೊರೆ ಹೊತ್ತು ಬದುಕುವವರ ಮೇಲೆ. ಸೊಂಟವು ಬಗ್ಗದಿದ್ದರೆ ಇವರು ಕಲಿತ ಒಂದೇ ಕೆಲಸವು ತಪ್ಪಿಹೋಗುವದು. ಅದೇ ಸೊಂಟನೋವು ಒಬ್ಬ ಗುಮಾಸ್ತನಿಗೆ ಬಂದರೆ ಅವನು ಕುರ್ಚಿಯ ಮೇಲೆ ಕೂತು ಲೆಕ್ಕ ಬರೆದು ಸಂಬಳ ತೆಗೆದುಕೊಳ್ಳಬಹುದು. ಆದಕಾರಣ ಒಬ್ಬನು ದುಡಿಯಬಲ್ಲನೋ ಇಲ್ಲವೋ ಎಂಬದನ್ನು ರೋಗವೊಂದೇ ತೀರ್ಮಾನಿಸುವದಿಲ್ಲ. ಅವನಿಗೆ ಯಾವ ಕೆಲಸ ಗೊತ್ತು, ಯಾವ ಕೆಲಸ ಸಿಕ್ಕುವದು ಎಂಬದೂ ತೀರ್ಮಾನಿಸುವದು. ರೋಗವನ್ನು ಬದಲಾಯಿಸಲು ನಮ್ಮಿಂದ ಆಗದಿದ್ದರೂ ಕೆಲಸವನ್ನು ಬದಲಾಯಿಸುವದು ಅನೇಕ ಸಾರಿ ನಮ್ಮಿಂದ ಆದೀತು.

೪. ತೀರ್ಥಹಳ್ಳಿಯಿಂದ ಕಲಿಯುವ ಸಂಗತಿ

ತುಂಗೆಯ ಮೇಲ್ದಿಕ್ಕಿನ ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ೨೦೦೫ರಿಂದ ಒಂದು ಕೆಲಸವನ್ನು ನಡಿಸಿದರು. ಸ್ಕಿಜೋಫ್ರೇನಿಯ ಎಂಬ ಕಠಿನವಾದ ಮನೋರೋಗವುಳ್ಳವರನ್ನು ಹಳ್ಳಿಹಳ್ಳಿಗಳಲ್ಲಿ ಹುಡುಕಿ, ಅವರು ತಮ್ಮ ಮನೆಗಳಲ್ಲಿ ಇದ್ದುಕೊಂಡೇ ಔಷಧ ತೆಗೆದುಕೊಳ್ಳುವ ಹಾಗೆ ಏರ್ಪಡಿಸಿ, ವರುಷಗಟ್ಟಲೆ ಅವರನ್ನು ನೋಡಿಕೊಂಡು ಬಂದರು. ಇವರಲ್ಲಿ ಅನೇಕರು ಅದುವರೆಗೆ ವೈದ್ಯರ ಮುಖವನ್ನೇ ಕಂಡವರಲ್ಲ.

ಇಂಥವರನ್ನು ಊರವರು ಹುಚ್ಚರೆಂದು ಕೈಬಿಡುವದುಂಟು. ಆದರೆ ನಾಲ್ಕು ವರುಷಗಳ ಮೇಲೆ ನೋಡಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ತೃಪ್ತಿಕರವಾಗಿ ಕೆಲಸ ಮಾಡುತ್ತಿದ್ದರು. ಔಷಧವನ್ನು ಬಿಡದೆ ತೆಗೆದುಕೊಂಡವರ ಸ್ಥಿತಿಯು ಬಿಟ್ಟವರಿಗಿಂತ ಲೇಸಾಗಿತ್ತು. ಇದರಿಂದ ಎರಡು ಮಾತುಗಳನ್ನು ಕಲಿಯುತ್ತೇವೆ. ಮೊದಲನೆಯದು, ಚಿಕಿತ್ಸೆಯೂ ದುಡಿಮೆಯೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು. ಒಂದನ್ನು ಬಿಚ್ಚಿದರೆ ಇನ್ನೊಂದು ನಿಲ್ಲುವದು. ಎರಡನೆಯದು, ಹಳ್ಳಿಯ ಬೇಸಾಯದಲ್ಲಿ ಎಲ್ಲಾ ಅಳತೆಯ ಕೆಲಸಗಳೂ ಇವೆ. ದನಗಳಿಗೆ ಹುಲ್ಲು ಹಾಕುವದು, ಕೊಟ್ಟಿಗೆ ಗುಡಿಸುವದು, ತೋಟಕ್ಕೆ ನೀರು ತಿರುಗಿಸುವದು ಮೊದಲಾದವುಗಳಿಂದ ಆರಂಭಿಸಿ ಮೆಲ್ಲಗೆ ಮೇಲಕ್ಕೆ ಏರಬಹುದು. ಗಂಟೆ ಹೊಡೆದ ಕೂಡಲೇ ಯಂತ್ರದ ಮುಂದೆ ನಿಲ್ಲಬೇಕಾದ ಕಾರ್ಖಾನೆಯಲ್ಲಿ ಈ ಅನುಕೂಲತೆ ಸಿಕ್ಕುವದು ಕಷ್ಟ.

ಅಮೆರಿಕ ದೇಶದಲ್ಲಿ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ ಎಂಬವರು ೧೯೯೦ರ ದಶಕದಲ್ಲಿ ಮನೋರೋಗವುಳ್ಳವರ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಮೊದಲು ವರುಷಗಟ್ಟಲೆ ತರಬೇತಿ ಕೊಟ್ಟು ಆ ಮೇಲೆ ಕೆಲಸ ಹುಡುಕುವದು ಹಿಂದಿನ ಕ್ರಮವಾಗಿತ್ತು. ಇವರು ಅದನ್ನು ತಿರುಗಿಸಿದರು. ರೋಗಿಯು ಇಷ್ಟಪಟ್ಟ ನಿಜವಾದ ಕೆಲಸವನ್ನು ಮೊದಲೇ ಕೊಡಿಸಿ, ಕೆಲಸದಲ್ಲಿ ಇರುವಾಗಲೇ ಅವನ ಪಕ್ಕದಲ್ಲಿ ನಿಂತು ಸಹಾಯ ಮಾಡಿದರು. ಹೀಗೆ ಮಾಡಿದಲ್ಲಿ ಹೆಚ್ಚು ಜನರು ಕೆಲಸ ಹಿಡಿದರು.

೫. ಪ್ಯಾಪ್‌ವರ್ತಿನ ಕ್ಷಯರೋಗಿಗಳು

ಕ್ಷಯಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ ಇಂಗ್ಲೆಂಡ್ ದೇಶದಲ್ಲಿ ಪೆಂಡ್ರಿಲ್ ವೇರಿಯರ್-ಜೋನ್ಸ್ ಎಂಬ ವೈದ್ಯನಿದ್ದನು. ಆರೋಗ್ಯಧಾಮದಲ್ಲಿ ಕೆಲವು ತಿಂಗಳು ಇದ್ದು ಮೈ ಹಿಡಿದು ಮನೆಗೆ ಹೋದ ರೋಗಿಗಳು ಹಳೆಯ ಕಠಿನ ಕೆಲಸಕ್ಕೂ ಹಳೆಯ ಗಾಳಿಯಿಲ್ಲದ ಕೋಣೆಗೂ ಸೇರಿ ಮತ್ತೆ ಹಾಸಿಗೆ ಹಿಡಿಯುವದನ್ನು ಅವನು ಕಂಡನು. “ವಾಸಿಮಾಡಿ ಕಳುಹಿಸಿದೆವು” ಎಂಬ ತೃಪ್ತಿಯು ಅವನಿಗೆ ಸಾಲಲಿಲ್ಲ. ೧೯೧೬ರಲ್ಲಿ ಕೇಂಬ್ರಿಜ್ ಸೀಮೆಯಲ್ಲಿ ಸಣ್ಣದಾಗಿ ಆರಂಭಿಸಿದ ನೆಲೆಯನ್ನು ೧೯೧೮ರಲ್ಲಿ ಪ್ಯಾಪ್‌ವರ್ತ್ ಎಂಬ ಊರಿಗೆ ಒಯ್ದು, ರೋಗಿಗಳು ತಮ್ಮ ಹೆಂಡತಿ ಮಕ್ಕಳ ಸಂಗಡ ವಾಸಿಸುವ ಒಂದು ಗ್ರಾಮವನ್ನೇ ಕಟ್ಟಿದನು. ಅಲ್ಲಿ ಬಡಗಿಯ ಕೆಲಸ, ತೊಗಲಿನ ಪೆಟ್ಟಿಗೆಗಳನ್ನು ಮಾಡುವದು, ಅಚ್ಚುಕೂಟದ ಕೆಲಸ ಮುಂತಾದವುಗಳಿದ್ದವು. ಯಾರು ಎಷ್ಟು ಹೊತ್ತು ದುಡಿಯಬಹುದೆಂದು ವೈದ್ಯನು ಗೊತ್ತುಮಾಡುವನು, ದುಡಿದಷ್ಟಕ್ಕೆ ಕೂಲಿ ಸಿಕ್ಕುವದು. ಮಾಡಿದ ಸರಕುಗಳನ್ನು ಪೇಟೆಯಲ್ಲಿ ಮಾರಿದರು.

ಇಂದು ಕ್ಷಯಕ್ಕೆ ಔಷಧವುಂಟು. ಸಾಧಾರಣ ಕ್ಷಯವು ಸುಮಾರು ಆರು ತಿಂಗಳು ಬಿಡದೆ ಔಷಧ ತೆಗೆದುಕೊಂಡರೆ ವಾಸಿಯಾಗುವದು. ಸರಿಯಾದ ಔಷಧ ಆರಂಭಿಸಿದ ಕೆಲವು ವಾರಗಳಲ್ಲಿ ಬಹು ಮಂದಿ ರೋಗಿಗಳಿಂದ ರೋಗವು ಇತರರಿಗೆ ಹರಡುವದು ನಿಲ್ಲುವದು. ಯಾವಾಗ ಕೆಲಸಕ್ಕೆ ಹೋಗಬಹುದೆಂದು ವೈದ್ಯರು ಹೇಳುವರು. ಅವರು ಹೇಳಿದ ಮೇಲೂ “ಇವನು ನಮ್ಮ ಸಂಗಡ ಕೂತು ಅಡಿಕೆ ಸುಲಿಯಬಾರದು” ಅನ್ನುವದು ಜಾಗ್ರತೆಯಲ್ಲ, ಅನ್ಯಾಯವು. ಔಷಧ ತೆಗೆದುಕೊಳ್ಳುವ ಕಾಲದಲ್ಲಿ ಆಹಾರಕ್ಕೆಂದು ಸರಕಾರವು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿಗಳನ್ನು ಕೊಡುತ್ತಾ ಬಂದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗೆ ಏರಿಸಿತು. ಇದನ್ನು ಕೇಳಿ ಪಡೆಯತಕ್ಕದ್ದು.

೬. ನಮ್ಮ ಸೀಮೆಯ ಕೆಲಸಗಳೂ ರೋಗಗಳೂ

ಈಗ ನಮ್ಮ ಕಣ್ಣ ಮುಂದಿನ ಕೆಲಸಗಳನ್ನು ಒಂದೊಂದಾಗಿ ನೋಡೋಣ. ಯಾವ ರೋಗಿಗೆ ಯಾವ ಕೆಲಸ ಸಲ್ಲದು, ಯಾವದು ಸಲ್ಲುವದು ಎಂಬದನ್ನು ತಿಳಿಯದೆ ಸಹಾಯ ಮಾಡಲು ಹೋದರೆ ಅಪಾಯವೇ ಆದೀತು.

ಮೂರ್ಛೆರೋಗವುಳ್ಳವರು ಅಡಿಕೆಮರವನ್ನು ಹತ್ತಿ ಗೊನೆ ಕೊಯ್ಯಬಾರದು. ಅಡಿಕೆ ಬೇಯಿಸುವ ಹಂಡೆಯ ಬೆಂಕಿಯ ಬಳಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಹೊಳೆಯಲ್ಲಿ ಒಬ್ಬರೇ ಇರಬಾರದು. ಮೆಟ್ಟುಗತ್ತಿಯಂಥ ಹರಿತವಾದ ಆಯುಧದ ಮುಂದೆ ಕೂಡ್ರಬಾರದು, ವಾಹನವನ್ನು ನಡಿಸಬಾರದು. ಆದರೆ ಇಷ್ಟನ್ನು ಬಿಟ್ಟರೆ ಉಳಿದ ಕೆಲಸಗಳು ಬಹಳ. ಒಣಗಿದ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸುವದು, ಸಸಿತೋಟದಲ್ಲಿ ಚೀಲಗಳಿಗೆ ಮಣ್ಣು ತುಂಬುವದು, ಅಂಗಡಿಯಲ್ಲಿ ಸಾಮಾನು ಕಟ್ಟುವದು, ಇವುಗಳಿಗೆ ಅಡ್ಡಿಯಿಲ್ಲ. ಔಷಧವನ್ನು ತಪ್ಪದೆ ತೆಗೆದುಕೊಳ್ಳುವವರಲ್ಲಿ ಹೆಚ್ಚು ಜನರಿಗೆ ಮೂರ್ಛೆ ಬರುವದೇ ನಿಲ್ಲುವದು.

ಮಧುಮೇಹವುಳ್ಳವರಿಗೆ ಎರಡು ಜಾಗ್ರತೆಗಳು ಮುಖ್ಯವಾದವು. ಊಟದ ಹೊತ್ತು ತಪ್ಪಬಾರದು, ಕಾಲಿಗೆ ಗಾಯವಾಗಬಾರದು. ಬಹುಕಾಲದ ಮಧುಮೇಹದಲ್ಲಿ ಅಂಗಾಲಿನ ಸ್ಪರ್ಶಜ್ಞಾನ ಕುಂದುವದರಿಂದ ಮುಳ್ಳು ಚುಚ್ಚಿದ್ದು ತಿಳಿಯುವದಿಲ್ಲ. ಸಣ್ಣ ಗಾಯವು ಹುಣ್ಣಾಗಿ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗಗಳುಂಟು. ಆದಕಾರಣ ಅಂಥವರು ಬರಿಗಾಲಿನಲ್ಲಿ ಗದ್ದೆಗೂ ತೋಟಕ್ಕೂ ಇಳಿಯಬಾರದು, ಸಂಜೆಗೆ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಸಕ್ಕರೆಯನ್ನೋ ಬೆಲ್ಲವನ್ನೋ ಸೊಂಟದಲ್ಲಿ ಇಟ್ಟುಕೊಂಡಿರಬೇಕು. ಅವರಿಗೆ ಒಮ್ಮೆಲೆ ಬೆವರು, ನಡುಕ, ಮಂಕು ಬಂದರೆ ಏನು ಮಾಡಬೇಕೆಂದು ಸಂಗಡ ಕೆಲಸ ಮಾಡುವ ಒಬ್ಬನಿಗಾದರೂ ತಿಳಿದಿರಬೇಕು.

ಉಬ್ಬಸವುಳ್ಳವರಿಗೆ ಒಕ್ಕಣೆಯ ದೂಳೂ, ಒಣ ಅಡಿಕೆ ಸುಲಿಯುವಲ್ಲಿ ಏಳುವ ಸಿಪ್ಪೆಯ ದೂಳೂ, ಒಲೆಯ ಹೊಗೆಯೂ ಸಲ್ಲವು. ಅವರಿಗೆ ಹಸಿ ಅಡಿಕೆಯ ಕೆಲಸವನ್ನೋ, ಬಯಲಿನ ಕೆಲಸವನ್ನೋ ಕೊಡಬಹುದು. ಕುಷ್ಠವು ವಾಸಿಯಾಗಿ ಕೈಬೆರಳುಗಳ ಸ್ಪರ್ಶ ಹೋದವರು ಬಿಸಿ ಪಾತ್ರೆಯನ್ನೂ ಕತ್ತಿಯನ್ನೂ ಮುಟ್ಟುವಾಗ ಕಣ್ಣಿನಿಂದ ನೋಡಿ ಮುಟ್ಟಬೇಕು; ಹಿಡಿಕೆಗಳಿಗೆ ದಪ್ಪ ಬಟ್ಟೆಯನ್ನು ಸುತ್ತಿಕೊಡುವದು ಲೇಸು. ಇವರಿಂದ ಇತರರಿಗೆ ಭಯವೇನೂ ಇಲ್ಲ. ಕೀಲುನೋವುಳ್ಳವರಿಗೆ ನೆಲದ ಮೇಲೆ ಕೂಡ್ರುವದಕ್ಕಿಂತ ಒಂದು ಮಣೆಯೋ ಸ್ಟೂಲೋ ಸಿಕ್ಕಿದರೆ ಅರ್ಧ ದಿನದ ಕೆಲಸವು ಪೂರ್ಣ ದಿನದ್ದಾದೀತು. ಹೀಗೆ ಅನೇಕ ಸಾರಿ ದುಡಿಮೆಗೂ ನಿರುದ್ಯೋಗಕ್ಕೂ ನಡುವೆ ಇರುವದು ಒಂದು ಸ್ಟೂಲು, ಒಂದು ಜೊತೆ ಚಪ್ಪಲಿ, ಒಂದು ಗಂಟೆಯ ವಿರಾಮ.

ಮೂತ್ರಪಿಂಡಗಳು ಕೆಟ್ಟವರು ವಾರಕ್ಕೆ ಎರಡು ಮೂರು ಸಾರಿ ಆಸ್ಪತ್ರೆಗೆ ಹೋಗಿ, ಪ್ರತಿ ಸಾರಿ ಸುಮಾರು ನಾಲ್ಕು ಗಂಟೆಗಳ ಹೊತ್ತು ಯಂತ್ರದಿಂದ ರಕ್ತವನ್ನು ಶುದ್ಧಿಮಾಡಿಸಿಕೊಳ್ಳಬೇಕಾಗುವದು. ಅವರಿಗೆ ದಿನಗೂಲಿಯ ಕೆಲಸವು ಒದಗದು. ಹೊತ್ತಿನ ಕಟ್ಟು ಇಲ್ಲದ ಹೊಲಿಗೆ, ಸಣ್ಣ ಅಂಗಡಿ, ಮನೆಯವರ ಸಂಗಡ ಒಂದೆರಡು ಹಸುಗಳನ್ನು ಸಾಕಿ ಹಾಲನ್ನು ಸೊಸೈಟಿಗೆ ಹಾಕುವದು, ಇಂಥವು ಒದಗಿಯಾವು.

೭. ಯಜಮಾನನ ಸಂಗಡ ಮಾತಾಡುವ ರೀತಿ

ರೋಗಿಯು ತಾನೇ ಹೋಗಿ ಕೇಳಲು ನಾಚುವನು. ಕೇಳಿದರೆ ಇದ್ದ ಕೆಲಸವೂ ಹೋದೀತೆಂದು ಹೆದರುವನು. ಇಲ್ಲಿ ಊರಿನ ಒಬ್ಬ ಹಿರಿಯನ ಮಾತಿಗೆ ಬೆಲೆಯುಂಟು. ಆದರೆ ಆ ಮಾತು “ಪಾಪ, ಕರುಣೆ ತೋರಿಸಿ” ಎಂದು ಆರಂಭವಾಗಬಾರದು. ಕರುಣೆಯಿಂದ ಕೊಟ್ಟ ಕೆಲಸವು ಕರುಣೆ ತೀರಿದ ದಿನ ತೀರುವದು. ಗೊನೆ ಕೊಯ್ಯುವ ಒಬ್ಬನಿಗೆ ಹೃದ್ರೋಗವಾಯಿತೆಂದು ಊಹಿಸೋಣ. ಹಿರಿಯನು ತೋಟದ ಯಜಮಾನರಿಗೆ ಹೀಗೆ ಹೇಳಬಹುದು:

“ಗೌಡ್ರೇ, ನಿಮ್ಮ ತೋಟದಲ್ಲಿ ಹದಿನೈದು ವರುಷ ಮರ ಹತ್ತಿದವನು ಇವನು. ಇನ್ನು ಮರ ಹತ್ತಬೇಡ, ಭಾರ ಎತ್ತಬೇಡ ಅಂತ ಡಾಕ್ಟ್ರು ಹೇಳಿದಾರೆ. ಆದ್ರೆ ಯಾವ ಗೊನೆ ಹಣ್ಣಾಗಿದೆ, ಯಾವುದಕ್ಕೆ ಇನ್ನೂ ಎಂಟು ದಿನ ಬೇಕು ಅನ್ನೋದು ನೆಲದ ಮೇಲೆ ನಿಂತೇ ಇವನಿಗೆ ಗೊತ್ತಾಗುತ್ತೆ. ಕೊಯ್ಲಿನ ಲೆಕ್ಕ, ಸುಲಿಯೋರ ಅಳತೆ ಇವನ ಕೈಲಿ ಕೊಡಿ. ತಿಂಗಳಿಗೆ ಒಂದು ದಿನ ಆಸ್ಪತ್ರೆಗೆ ಹೋಗ್ತಾನೆ. ಆ ದಿನ ಬೇರೆಯವರನ್ನ ನಾವು ಕಳಿಸ್ತೀವಿ.”

ಈ ಮಾತಿನಲ್ಲಿ ನಾಲ್ಕು ಸಂಗತಿಗಳಿವೆ. ಏನು ಆಗದು ಎಂಬದನ್ನು ಮುಚ್ಚಲಿಲ್ಲ. ಏನು ಆಗುವದು ಎಂಬದನ್ನು ಸ್ಪಷ್ಟವಾಗಿ ತಿಳಿಸಿತು. ಎಷ್ಟು ರಜ ಬೇಕೆಂದು ಮೊದಲೇ ಗೊತ್ತುಮಾಡಿತು. ಆ ದಿನದ ನಷ್ಟವನ್ನು ಯಜಮಾನನ ತಲೆಯ ಮೇಲೆ ಹಾಕದೆ ಊರವರು ಹಂಚಿಕೊಂಡರು. ಈ ನಾಲ್ಕನೆಯದಿಲ್ಲದೆ ಮೊದಲಿನ ಮೂರು ಬಹುದಿನ ನಿಲ್ಲಲಾರವು. ಮುಯ್ಯಾಳು ಎಂಬ ಪದ್ಧತಿಯು ನಮ್ಮ ಬೇಸಾಯದಲ್ಲಿ ಹಳೆಯದು. ನಾಟಿಗೆ ಮುಯ್ಯಿ ಮಾಡುವವರು ರೋಗಕ್ಕೂ ಮುಯ್ಯಿ ಮಾಡಬಾರದೋ?

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ರೋಗದ ಹೆಸರು ರೋಗಿಯ ಸೊತ್ತು. ಅವನ ಒಪ್ಪಿಗೆಯಿಲ್ಲದೆ ಅದನ್ನು ಯಜಮಾನನಿಗಾಗಲಿ ನೆರೆಯವರಿಗಾಗಲಿ ಹೇಳಕೂಡದು. ಪ್ರಾರ್ಥನಾಕೂಟದಲ್ಲಿ ಒಬ್ಬಳ ಹೆಸರನ್ನೂ ಅವಳ ರೋಗವನ್ನೂ ಗಟ್ಟಿಯಾಗಿ ಹೇಳಿದ್ದರಿಂದ ಆ ಮಾತು ಮರುದಿನವೇ ಪೇಟೆಯನ್ನು ಮುಟ್ಟೀತು, ವಾರದೊಳಗೆ ಅವಳ ಕೆಲಸವು ಹೋದೀತು. ಒಳ್ಳೇ ಮನಸ್ಸಿನಿಂದ ಮಾಡಿದ ಹಾನಿಯೂ ಹಾನಿಯೇ. ಯಜಮಾನನಿಗೆ ತಿಳಿಯಬೇಕಾದದ್ದು “ಇವನು ಭಾರ ಎತ್ತಬಾರದು” ಎಂಬಷ್ಟೇ ಹೊರತು ಯಾತಕ್ಕೆಂಬದಲ್ಲ.

೮. ಕಾಯಿದೆಯ ಆಶ್ರಯ ಎಷ್ಟು?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸ ಆರಂಭಿಸಿತು. ಕಾಗದದ ಕಾರ್ಖಾನೆಯು ೧೯೩೦ರ ದಶಕದಲ್ಲಿ ಹುಟ್ಟಿತು. ಇಂಥ ದೊಡ್ಡ ಕಾರ್ಖಾನೆಯಲ್ಲಿ ಕಾಯಂ ಕೆಲಸವಿದ್ದವನು ರೋಗ ಬಿದ್ದರೆ ರಜ, ಆಸ್ಪತ್ರೆ, ಹಗುರವಾದ ಕೆಲಸ ಎಂದು ಕೇಳಲು ಒಂದು ಬಾಗಿಲಾದರೂ ಇತ್ತು. ಕಾಗದದ ಕಾರ್ಖಾನೆಯು ೨೦೧೫ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯಲ್ಲಿಯೂ ಮೊದಲಿನಷ್ಟು ಜನರಿಲ್ಲ. ಈಗಿನವರು ಸಣ್ಣ ಕಾರ್ಖಾನೆಗಳಲ್ಲಿ, ಸಿದ್ಧ ಉಡುಪಿನ ಹೊಲಿಗೆಯ ಮನೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುವರು. ಇವರು ತಮ್ಮ ಹಕ್ಕುಗಳನ್ನು ತಿಳಿದಿರುವದು ಅವಶ್ಯ.

ಹತ್ತು ಅಥವಾ ಹೆಚ್ಚು ಜನರು ದುಡಿಯುವ ಕಾರ್ಖಾನೆ ಅಂಗಡಿಗಳಿಗೆ ನೌಕರರ ರಾಜ್ಯ ವಿಮೆ ಅನ್ವಯಿಸುವದು. ಇದಕ್ಕೆ ಸೇರುವವರ ಸಂಬಳದ ಮಿತಿಯನ್ನು ೨೦೧೭ರಲ್ಲಿ ತಿಂಗಳಿಗೆ ೨೧,೦೦೦ ರೂಪಾಯಿ ಎಂದು ಗೊತ್ತುಮಾಡಿದರು. ನಿಗದಿಯಾದಷ್ಟು ದಿನಗಳ ಚಂದಾ ಸಂದಿದ್ದರೆ, ರೋಗದ ರಜದಲ್ಲಿ ವರುಷಕ್ಕೆ ೯೧ ದಿವಸಗಳ ವರೆಗೆ ಸಂಬಳದ ನೂರಕ್ಕೆ ೭೦ ಪಾಲು ಸಿಕ್ಕುವದು. ಕ್ಷಯ, ಕುಷ್ಠ ಮೊದಲಾದ ಪಟ್ಟಿಮಾಡಿದ ದೀರ್ಘವ್ಯಾಧಿಗಳಿಗೆ ನೂರಕ್ಕೆ ೮೦ ಪಾಲಿನಂತೆ ಎರಡು ವರುಷಗಳ ವರೆಗೂ ವಿಸ್ತರಿಸಬಹುದು. ಆದಕಾರಣ ಕೆಲಸಕ್ಕೆ ಸೇರುವಾಗಲೇ ತನ್ನ ವಿಮೆಯ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಕಾಯಿಲೆ ಬಿದ್ದ ಮೇಲೆ ಹುಡುಕುವದು ತಡವಾದೀತು.

೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುವದು. ಮನೋರೋಗ, ಕುಷ್ಠದಿಂದ ಗುಣವಾದವರ ಊನ, ಹಿಮೋಫಿಲಿಯ, ಥಲಸೇಮಿಯ, ಪಾರ್ಕಿನ್ಸನ್ ರೋಗ ಮುಂತಾದ ದೀರ್ಘವ್ಯಾಧಿಗಳು ಇದರಲ್ಲಿ ಸೇರಿವೆ. ಸರಕಾರದ ನೌಕರಿಯಲ್ಲಿರುವಾಗ ಒಬ್ಬನು ಅಂಗವಿಕಲನಾದರೆ ಅವನನ್ನು ತೆಗೆದುಹಾಕಕೂಡದು, ಅವನ ದರ್ಜೆಯನ್ನು ಇಳಿಸಕೂಡದು, ಬೇರೆ ತಕ್ಕ ಕೆಲಸವನ್ನು ಕೊಡತಕ್ಕದ್ದು ಎಂದು ಅದು ಆಜ್ಞಾಪಿಸುವದು. ಊನವು ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದವರಿಗೆ ಸರಕಾರಿ ಕೆಲಸಗಳಲ್ಲಿ ನೂರಕ್ಕೆ ೪ ಸ್ಥಾನಗಳನ್ನು ಮೀಸಲಿಟ್ಟಿದೆ. ೨೦೧೭ರ ಇನ್ನೊಂದು ಕಾಯಿದೆಯ ಪ್ರಕಾರ ಎಚ್‌ಐವಿ ಸೋಂಕುಳ್ಳವರನ್ನು ಆ ಕಾರಣದಿಂದ ಕೆಲಸದಿಂದ ಅನ್ಯಾಯವಾಗಿ ತೆಗೆಯಕೂಡದು, ಕೆಲಸ ಕೊಡುವದಕ್ಕೆ ಆ ಪರೀಕ್ಷೆಯನ್ನು ಷರತ್ತಾಗಿ ಮಾಡಕೂಡದು. ಅಂಗವೈಕಲ್ಯದ ಗುರುತು ಚೀಟಿಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಪರೀಕ್ಷೆ ಮಾಡಿ ದೃಢಪತ್ರ ಕೊಡುವವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಗಳಲ್ಲಿ ಇರುವರು.

ಆದರೆ ನಾವು ಸತ್ಯವನ್ನು ಹೇಳಬೇಕು. ಮಧುಮೇಹ, ರಕ್ತದೊತ್ತಡ, ಉಬ್ಬಸ, ಹೃದ್ರೋಗ, ಮೂತ್ರಪಿಂಡಗಳ ರೋಗ, ಇವು ಆ ೨೧ರ ಪಟ್ಟಿಯಲ್ಲಿ ಇಲ್ಲ. ದಿನಗೂಲಿಗೆ ಹೋಗುವವನಿಗೆ ವಿಮೆಯೂ ಇಲ್ಲ. “ನಾಳೆಯಿಂದ ಬರಬೇಡ” ಎಂಬ ಒಂದು ಮಾತಿನಿಂದ ತೀರುವ ಕೆಲಸಕ್ಕೆ ಕಾಯಿದೆಯ ಕೈ ನಿಲುಕದು. ನಮ್ಮ ಊರುಗಳ ರೋಗಿಗಳಲ್ಲಿ ಬಹು ಜನರು ಇಂಥವರೇ. ಕಾಯಿದೆ ಮುಟ್ಟದ ಈ ಸ್ಥಳವನ್ನು ನೆರೆಹೊರೆಯವರು ಮುಟ್ಟದಿದ್ದರೆ ಬೇರೆ ಯಾರೂ ಮುಟ್ಟುವದಿಲ್ಲ.

೯. ಕೆಲಸ ಸಿಕ್ಕಿದ ಮೇಲೆ

ಕೆಲಸ ಕೊಡಿಸುವದಕ್ಕಿಂತ ಅದರಲ್ಲಿ ನಿಲ್ಲಿಸುವದು ಕಷ್ಟ. ದೀರ್ಘವ್ಯಾಧಿಯ ಸ್ವಭಾವವೇ ಏರಿಳಿತ. ಮೂರು ತಿಂಗಳು ಚೆನ್ನಾಗಿದ್ದವನು ನಾಲ್ಕನೆಯ ತಿಂಗಳು ಮಲಗಿಕೊಂಡಾನು. ಆಗ ಊರವರು “ನಾವು ಮಾಡಿದ್ದೆಲ್ಲಾ ವ್ಯರ್ಥವಾಯಿತು” ಅನ್ನಬಾರದು. ಮಳೆಗಾಲದಲ್ಲಿ ತುಂಗೆ ಉಕ್ಕುವದೆಂದು ಗಾಜನೂರಿನವರಿಗೆ ಮೊದಲೇ ಗೊತ್ತು, ಆದದರಿಂದಲೇ ಕಟ್ಟೆಗೆ ಬಾಗಿಲುಗಳನ್ನಿಟ್ಟಿದ್ದಾರೆ. ಹಾಗೆಯೇ ರೋಗವು ಉಕ್ಕುವ ದಿನಗಳಿಗಾಗಿ ಕೆಲಸದಲ್ಲಿಯೂ ಬಾಗಿಲುಗಳನ್ನು ಮೊದಲೇ ಇಟ್ಟುಕೊಳ್ಳಬೇಕು. ಅವನ ಬದಲಿಗೆ ಹೋಗುವವರು ಯಾರು, ಆ ವಾರದ ಅಕ್ಕಿ ಎಲ್ಲಿಂದ ಬರುವದು, ಅವನು ಹಿಂತಿರುಗಿದಾಗ ಮೊದಲು ಅರ್ಧ ದಿನದ ಕೆಲಸ ಸಿಕ್ಕುವದೋ, ಇವುಗಳನ್ನು ಅವನು ಚೆನ್ನಾಗಿರುವಾಗಲೇ ಮಾತಾಡಿ ಗೊತ್ತುಮಾಡತಕ್ಕದ್ದು.

ಇನ್ನೆರಡು ಮಾತುಗಳು. ರೋಗಿಯು ಅರ್ಧ ದಿನ ದುಡಿದರೆ ಅರ್ಧ ದಿನದ ಪೂರ್ಣ ಕೂಲಿಯನ್ನು ಕೊಡಬೇಕು. ನಿರ್ವಾಹವಿಲ್ಲದವನೆಂದು ಕಾಲು ಕೂಲಿಯನ್ನು ಕೈಗೆ ಹಾಕುವದು ಸಹಾಯವಲ್ಲ, ಕಳವು. ಅಲ್ಲದೆ, ದುಡಿಯಲಾರದ ರೋಗಿಗಳೂ ಇದ್ದಾರೆ. ಅವರನ್ನು ದುಡಿಮೆಗೆ ನೂಕಲು ಈ ಪಾಠವನ್ನು ಯಾರೂ ಕೋಲಾಗಿ ಮಾಡಬಾರದು. ವೈದ್ಯರು ಬೇಡವೆಂದಲ್ಲಿ ಬೇಡವೇ ಸರಿ. ಅವರ ಅನ್ನಕ್ಕೂ ಮಾನಕ್ಕೂ ಊರೇ ಹೊಣೆ. ರೋಗಿಯ ಆರೈಕೆಗಾಗಿ ಮನೆಯಲ್ಲಿ ಉಳಿದ ಹೆಂಡತಿಯ ಅಥವಾ ತಾಯಿಯ ಕೆಲಸವೂ ಕೆಲಸವೇ. ವಾರಕ್ಕೆ ಎರಡು ದಿನ ಯಾರಾದರೂ ಹೋಗಿ ರೋಗಿಯ ಬಳಿ ಕೂತರೆ ಅವಳು ಎರಡು ದಿನದ ಕೂಲಿಯನ್ನು ಮನೆಗೆ ತರಬಲ್ಲಳು.

ವಾಚಕರೇ, ಈ ಪಾಠವನ್ನು ಓದಿ ಮುಗಿಸಿದ ಮೇಲೆ ಪತ್ರಿಕೆಯನ್ನು ಮಡಚಿ ಇಡುವದಕ್ಕೆ ಮುಂಚೆ ನಿಮ್ಮ ಬೀದಿಯ ಮನೆಗಳನ್ನು ಒಂದೊಂದಾಗಿ ನೆನಸಿರಿ. ಒಂದು ಕಾಲದಲ್ಲಿ ನಿಮ್ಮ ಸಂಗಡ ನಾಟಿಗೆ ಬರುತ್ತಿದ್ದು ಈಗ ಬಾರದವರು ಯಾರು? ಅವರಿಗೆ ಅನ್ನವನ್ನು ಕೊಟ್ಟಿದ್ದೀರೋ ಎಂದು ನಾವು ಕೇಳುವದಿಲ್ಲ, ಕೊಟ್ಟಿರಬಹುದು. “ನಿನ್ನ ಕೈಲಿ ಈಗ ಏನು ಆಗುತ್ತೆ?” ಎಂದು ಅವರನ್ನು ಕೇಳಿದ್ದೀರೋ? ಆ ಒಂದು ಪ್ರಶ್ನೆಯನ್ನು ಈ ವಾರದಲ್ಲಿ ಒಬ್ಬರ ಮನೆಗೆ ಹೋಗಿ ಕೇಳಿ, ಉತ್ತರವನ್ನು ತಾಳ್ಮೆಯಿಂದ ಕೇಳಿಕೊಂಡು ಬನ್ನಿರಿ. ಉಳಿದ ಕೆಲಸವು ಅಲ್ಲಿಂದ ಆರಂಭವಾಗುವದು.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ಒಂದೇ ರೋಗವು ಕೂಲಿಗಾರನ ದುಡಿಮೆಯನ್ನು ಕಸಿದು ಗುಮಾಸ್ತನ ದುಡಿಮೆಯನ್ನು ಉಳಿಸುವದು ಹೇಗೆ? ಹಂದಿಗೋಡಿನ ಉದಾಹರಣೆಯಿಂದ ವಿವರಿಸಿರಿ.

೨. ನಿಮ್ಮ ಊರಿನಲ್ಲಿ ಕೂತು ಮಾಡಬಹುದಾದ ಕೆಲಸಗಳು ಯಾವವು? ಹೊತ್ತಿನ ಕಟ್ಟಿಲ್ಲದವು ಯಾವವು? ಒಂದು ಪಟ್ಟಿ ಮಾಡಿರಿ.

೩. ತೀರ್ಥಹಳ್ಳಿಯಲ್ಲಿ ಔಷಧವೂ ದುಡಿಮೆಯೂ ಒಂದಕ್ಕೊಂದು ಹೇಗೆ ಸಹಾಯವಾದವು?

೪. ರೋಗದ ಹೆಸರನ್ನು ಯಾತಕ್ಕೆ ಗುಟ್ಟಾಗಿ ಇಡತಕ್ಕದ್ದು? ನಮ್ಮ ಕೂಟಗಳಲ್ಲಿ ಈ ನಿಯಮವನ್ನು ನಡಿಸುತ್ತೇವೋ?

೫. ದಿನಗೂಲಿಯ ರೋಗಿಯು ಒಂದು ವಾರ ಮಲಗಿದರೆ ಅವನ ಸ್ಥಾನವನ್ನು ಉಳಿಸುವದಕ್ಕೆ ನೀವು ನಾಲ್ವರು ಕೂಡಿ ಏನು ಮಾಡಬಲ್ಲಿರಿ?